ನಿಮ್ಮ ಕಡತದಲ್ಲಿ ಗುಣಮುಖಳಾದ ನನ್ನ ಅಕ್ಕ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ದೂರಿಗೆ ತಮ್ಮ ಕಚೇರಿ ಕೊಟ್ಟ ಉತ್ತರ ಒಂದೂವರೆ ಸಾಲಿನದು: "ರೋಗಿಯು ಗುಣಮುಖರಾಗಿ ಬಿಡುಗಡೆ ಹೊಂದಿರುತ್ತಾರೆ. ಆದಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ." ಆ ರೋಗಿ ನನ್ನ ಅಕ್ಕ. ಆಕೆ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ನನ್ನೊಂದಿಗೆ ಮುಖ ಕೊಟ್ಟು ಮಾತಾಡಿಲ್ಲ. ಗುಟ್ಟಾಗಿ ಬರೆದದ್ದು ಮುಕ್ತಾಯವಾಯಿತಲ್ಲ, ಅದಕ್ಕೇ ಈಗ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಮೊದಲು ಸಲ್ಲಬೇಕಾದದ್ದು ಸಲ್ಲಲಿ. ನ್ಯುಮೋನಿಯಾ ಹಿಡಿದು ತುಟಿ ನೀಲಿಗಟ್ಟಿದ್ದ ಹೆಂಗಸನ್ನು ಹತ್ತೊಂಬತ್ತು ದಿನ ತೀವ್ರ ನಿಗಾ ಘಟಕದಲ್ಲಿಟ್ಟು ಬದುಕಿಸಿದಿರಿ. ಕೈ ಮುಗಿಯುತ್ತೇನೆ. ನಾನು ಬಡಗಿ. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹೋದಳು; ಹದಿಮೂರರ ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಆಮೇಲೆ ಮೂವತ್ತು ವರ್ಷ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದಳು. ಮೂರು ಬೀದಿ ಆಚೆಗೂ ಕೇಳುವ ಗಂಟಲು. ಆ ಗಂಟಲಿಗೆ ಕೊಳವೆ ಹಾಕಿದಿರಿ. ಹಾಕಲೇಬೇಕಿತ್ತು, ಹಾಕಿದಿರಿ.

ಘಟಕದ ಬಾಗಿಲ ಹೊರಗೆ ಒಂದು ಕಬ್ಬಿಣದ ಬೆಂಚು, ಅದರ ಎಡತುದಿಯಲ್ಲಿ ನಾನು. ದಿನಕ್ಕೊಂದು ಸಲ ಕಿರಿಯ ವೈದ್ಯರೊಬ್ಬರು ಬಾಗಿಲನ್ನು ಗೇಣಷ್ಟು ತೆರೆದು "ಸ್ಥಿರವಾಗಿದ್ದಾರೆ" ಎಂದು ಮುಚ್ಚುತ್ತಿದ್ದರು. ಸ್ವಾಮಿ, ನಾನು ಮಾಡಿದ ಮೇಜೂ ಸ್ಥಿರವಾಗಿಯೇ ಇರುತ್ತದೆ. ಅಕ್ಕನಿಗೆ ನೋವಿದೆಯೇ, ಹೆದರಿದ್ದಾಳೆಯೇ, ಯಾರನ್ನು ಕೇಳಬೇಕಿತ್ತು? ಸೋಂಕು ತಗಲುತ್ತದೆ, ಒಳಗೆ ಬಿಡುವುದಿಲ್ಲ ಎಂದಿರಿ. ಒಪ್ಪಿದೆ. ಆದರೆ ಎ.ಸಿ. ರಿಪೇರಿಯವರು ಹೊರಗಿನ ಚಪ್ಪಲಿಯಲ್ಲೇ ಒಳಹೋದರಲ್ಲ! ಸೋಂಕಿಗೂ ಮುಖ ನೋಡಿ ಮಣೆ ಹಾಕುವ ಬುದ್ಧಿ ಇದೆಯೇ?

ಹನ್ನೊಂದನೇ ದಿನ ಒಬ್ಬ ನರ್ಸಮ್ಮ ಹೊರಗೆ ಬಂದರು. "ಅಣ್ಣಾ, ನಿಮ್ಮ ಅಕ್ಕನಿಗೆ ಎಚ್ಚರ ಆಗಿದೆ. ಕೊಳವೆ ಕಿತ್ಕೋತಾರೆ ಅಂತ ಕೈ ಕಟ್ಟಿದ್ದೀವಿ. ಬೆರಳಲ್ಲಿ ಹಾಸಿಗೆ ಮೇಲೆ ಏನೋ ಗೀಚ್ತಾನೇ ಇದ್ದಾರೆ, ನಮಗೆ ಗೊತ್ತಾಗ್ತಿಲ್ಲ."

"ಗೀಚ್ತಿಲ್ಲಮ್ಮ, ಬರೀತಿದ್ದಾಳೆ! ಟೀಚರು ಅವಳು. ಎರಡೇ ನಿಮಿಷ ಬಿಡಿ, ಓದಿ ಹೇಳ್ತೀನಿ."

"ಬಿಡೋಕೆ ನನಗೂ ಆಸೆ. ಸಾಹೇಬರ ಆರ್ಡರ್ ಇಲ್ಲ ಅಣ್ಣಾ. ಒಳಗೆ ಎಂಟು ಜನಕ್ಕೆ ನಾನೊಬ್ಬಳೇ."

ಆಕೆಯ ಕಣ್ಣಲ್ಲೂ ನೀರಿತ್ತು. ಆಕೆಯ ಮೇಲೆ ದೂರಿಲ್ಲ. ಆ ಸಾಹೇಬರು ತಾವು. ನನ್ನ ಮೇಲೂ ನನಗೆ ದೂರಿದೆ. ಬಾಗಿಲು ತಳ್ಳಿಕೊಂಡು ಹೋಗಬಹುದಿತ್ತು. ಬೆಂಚಿಗೆ ಮರಳಿದೆ. ಹೊರಗೆ ಗಲಾಟೆ ಮಾಡಿದರೆ ಒಳಗಿರುವವಳಿಗೆ ತೊಂದರೆಯಾದೀತು ಎಂಬ ಭಯ. ಆ ಬೆಂಚಿನ ಮೇಲೆ ಕೂತ ಎಲ್ಲರಿಗೂ ಇದ್ದ ಭಯ.

ಅಲ್ಲಿಂದ ಎಂಟು ದಿನ ಆಕೆ ಎಚ್ಚರದಲ್ಲೇ ಕೈ ಕಟ್ಟಿಸಿಕೊಂಡು ಮಲಗಿದ್ದಳು. ಯಾರೋ ಕದ್ದು ತಂದು ಕೂಡಿಹಾಕಿದ್ದಾರೆ ಎಂದುಕೊಂಡಿದ್ದಳಂತೆ. ಇದು ಆಸ್ಪತ್ರೆ ಎಂದು ಹೇಳುವ ಒಂದು ಪರಿಚಿತ ದನಿ ಇರಲಿಲ್ಲ. ಈಗ ಲೋಟ ಹಿಡಿಯಲು ಬೆರಳಿಗೆ ಬಲವಿಲ್ಲ. ಎಬ್ಬಿಸಲು ಮಣಿಕಟ್ಟು ಹಿಡಿದರೆ ಕಿರುಚುತ್ತಾಳೆ. ಕಂಕುಳಿಗೆ ಕೈಕೊಟ್ಟು ಎತ್ತುವುದನ್ನು ಕಲಿತಿದ್ದೇನೆ. ಒಮ್ಮೆ ಧೈರ್ಯ ಮಾಡಿ, ಗೋಡೆಗೆ ತಿರುಗಿ ಮಲಗಿದ್ದವಳನ್ನು ಕೇಳಿದೆ, "ಅಲ್ಲಿ ಏನು ಬರೀತಿದ್ದೆ ಅಕ್ಕಾ?"

"ನಿನ್ನ ಹೆಸರು. ದಿನಾ ಬರೆದೆ. ನೀನು ಬರಲೇ ಇಲ್ಲ."

"ಬಾಗಿಲಾಚೇನೇ ಇದ್ನಲ್ಲೇ, ಇಪ್ಪತ್ತು ಹೆಜ್ಜೆ ದೂರದಲ್ಲಿ!"

"ಸುಳ್ಳು ಹೇಳ್ಬೇಡ ಪುಟ್ಟಾ. ಇಪ್ಪತ್ತು ಹೆಜ್ಜೆ ದೂರ ಇದ್ದೋನು ಬರದೇ ಇರ್ತಾನಾ?"

ಅಕ್ಕನ ಈ ಪ್ರಶ್ನೆಗೆ ಉತ್ತರ ತಮ್ಮಲ್ಲಿದೆಯೇ? ಮನೆಗೆ ಹೋದವರು ಹೇಗಿದ್ದಾರೆಂದು ಒಮ್ಮೆಯಾದರೂ ವಿಚಾರಿಸದೆ "ಗುಣಮುಖ" ಎಂದು ಬರೆಯುವ ಕೈಗೆ ಒಂದಿಷ್ಟೂ ಅಳುಕಿಲ್ಲವೇ?

ದಿನಕ್ಕೊಮ್ಮೆ ಮನೆಯವರೊಬ್ಬರನ್ನು ರೋಗಿಯ ಪಕ್ಕ ನಿಲ್ಲಲು ಬಿಡಿ. ಇದು ಎಲ್ಲರ ಪರವಾಗಿ. ನನಗಾಗಿ ಕೇಳುವುದು ಒಂದೇ. ನನ್ನ ಆಣೆ ಪ್ರಮಾಣ ಆಕೆಗೆ ನಾಟುತ್ತಿಲ್ಲ. ಆದರೆ ಮೊಹರು ಬಿದ್ದ ಕಾಗದವನ್ನು ಅಕ್ಕ ಎಂದೂ ಅನುಮಾನಿಸಿದವಳಲ್ಲ. ಆಕೆಯ ಹೆಸರಿಗೆ ಒಂದು ಕಾಗದ ಬರೆಯಿರಿ: "ನಿಮ್ಮ ತಮ್ಮ ಬಂದಿದ್ದ. ನಾವು ಬಿಡಲಿಲ್ಲ." ಅಕ್ಷರ ದೊಡ್ಡದಾಗಿರಲಿ; ಈಗ ಅವಳ ಕಣ್ಣೂ ಮಂಜು. ಬೇಗ ಬರೆಯಿರಿ.

ಇಂತಿ,
ತಮ್ಮನೆಂದು ರುಜುವಾತು ಮಾಡಬೇಕಾಗಿ ಬಂದಿರುವ ಒಬ್ಬ ಬಡಗಿ