ಸಂಗಮ್ಮ ತಂದ ಬೋರಮಾಳ

ಹುಮನಾಬಾದ್
ಬುಧವಾರ, ೨೧ ಫೆಬ್ರವರಿ ೨೦೨೪

ಪ್ರೀತಿಯ ಮಗಳು ದೀಪಾಲಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀ? ಹೋದ ಸಲ ಬಂದಾಗ ನಿನ್ನ ಎಡಗೈ ಮಣಿಕಟ್ಟು ನೋಯುತ್ತಿತ್ತು, ಈಗ ಕಡಿಮೆಯಾಯಿತೇ? ಶಾಲೆಯಲ್ಲಿ ದಿನವಿಡೀ ನಿಂತೇ ಪಾಠ ಮಾಡಬೇಡ, ನಡುನಡುವೆ ಕುಳಿತುಕೋ. ಕೂಸಿಗೆ ಹಲ್ಲು ಬಂದವೇ? ಹಲ್ಲು ಬರುವಾಗ ನೀನು ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದೆ. ಒಮ್ಮೆ ನನ್ನ ದಾರಕ್ಕೆ ಹಚ್ಚುವ ಮೇಣದ ಉಂಡೆಯನ್ನೇ ನೀನು ಅರ್ಧ ತಿಂದಿದ್ದೆ, ನಿಮ್ಮವ್ವ ನನ್ನನ್ನು ಬಯ್ದ ಬೈಗುಳ ಇಡೀ ಓಣಿಗೆ ಕೇಳಿತ್ತು. ಅವಳ ಮೊಣಕಾಲು ನೋವು ಇದ್ದಂತೆಯೇ ಇದೆ. ನನಗೆ ಹೊಸ ಕನ್ನಡಕ ಬಂದಿದೆ, ಸೂಜಿಗೆ ದಾರ ಏರಿಸಲು ಈಗ ಯಾರನ್ನೂ ಕರೆಯಬೇಕಾಗಿಲ್ಲ.

ಕೈಯಲ್ಲಿ ಫೋನಿರುವಾಗ ಅಪ್ಪ ಕಾಗದ ಯಾಕೆ ಬರೆದ ಎಂದುಕೊಳ್ಳುತ್ತಿರಬಹುದು. ನಿನ್ನ ಫೋನನ್ನು ಸಲ ಸಲವೂ ಅಳಿಯಂದಿರೇ ಎತ್ತುತ್ತಾರೆ, ನೀನು ಎತ್ತಿದರೂ ಸ್ಪೀಕರ್ ಹಾಕಿರುತ್ತೀ. ಇದು ಹಾಗೆ ಹೇಳುವ ಮಾತಲ್ಲ. ಅದಕ್ಕೇ ಸೊಲ್ಲಾಪುರದ ನಿನ್ನ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮಕ್ಕಳು ಊಟಕ್ಕೆ ಹೋದ ಮೇಲೆ ಒಬ್ಬಳೇ ಕುಳಿತು ಓದು.

ನಿನ್ನ ತಂಗಿ ಪೂನಂಳಿಗೆ ಗೊತ್ತು ಮಾಡಿದ್ದ ಮದುವೆ ಮುರಿದಿದೆ. ಮುರಿದವನು ನಾನೇ. ನಿನ್ನ ಗಂಡ ಶರಣಕುಮಾರ ಈ ಸಂಬಂಧ ತಂದಾಗ ನಾವು ಎರಡು ಮಾತಾಡದೆ ಒಪ್ಪಿದೆವು. ವರ ಸಂಜೀವಕುಮಾರ ನಿನ್ನ ಗಂಡನ ಸೋದರತ್ತೆ ಸಂಗಮ್ಮನ ಮಗ, ಬಸವಕಲ್ಯಾಣದಲ್ಲಿ ಬೀಜ ಗೊಬ್ಬರದ ಅಂಗಡಿ, ಮನೆಯಲ್ಲಿ ಮುಂಜಾನೆ ಸಂಜೆ ಲಿಂಗಪೂಜೆ. ಅಕ್ಕ ಕೊಟ್ಟ ಮನೆಯ ಬಳಗವೇ ಅಲ್ಲವೇ, ತಂಗಿಗೆ ಏನು ಭಯ ಎಂದು ನಾನೇ ನಿಮ್ಮವ್ವನಿಗೆ ಹೇಳಿದೆ. ಆ ಮಾತು ನೆನೆಸಿಕೊಂಡರೆ ಈಗ ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿಶ್ಚಿತಾರ್ಥಕ್ಕೆ ಎಂಟು ದಿನ ಇರುವಾಗ ಸಂಗಮ್ಮ ನಮ್ಮ ಅಂಗಡಿಗೆ ಬಂದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಬೋರಮಾಳ ತಂದಿದ್ದರು, ಬಾರಿಹಣ್ಣಿನಂಥ ಬಂಗಾರದ ಗುಂಡಿನ ಸರ. ದಾರ ಹರಿದಿತ್ತು, ಅರ್ಧದಷ್ಟು ಗುಂಡು ಬಿಡಿಯಾಗಿ ಡಬ್ಬಿಯಲ್ಲಿ ಬಿದ್ದಿದ್ದವು. "ನಮ್ಮ ಅತ್ತಿದು ಅದರಿ, ಇಪ್ಪತ್ತು ವರ್ಷ ಆತು, ಟ್ರಂಕಿನ್ಯಾಗ ಬಿದ್ದಿತ್ತು. ನೀವೇ ಪೋಣಿಸೋ ಮಂದಿ, ಮ್ಯಾಲ ಬೀಗರು. ಮತ್ತೊಬ್ಬನ ಕಡೆ ಯಾಕ ಹೋಗೂದ್ರಿ? ನಿಮ್ಮ ಮಗಳ ಕೊರಳಿಗೆ ಬರೂದು, ಛಲೋತ್ನಾಗಿ ಪೋಣಿಸಿ ಕೊಡ್ರಿ" ಎಂದರು. ನನಗೆ ಹೆಮ್ಮೆಯಾಯಿತು. ಚಹಾ ತರಿಸಿ ಕುಡಿಸಿ ಕಳಿಸಿದೆ.

ಮರುದಿನ ಮುಂಜಾನೆ ಬಿಳಿ ಬಟ್ಟೆ ಹಾಸಿ ಗುಂಡುಗಳನ್ನು ಬಟ್ಟಲಿಗೆ ಸುರಿದೆ. ನಲವತ್ತು ವರ್ಷ ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿಕೊಂಡು ಗಂಟು ಹಾಕಿದವನು ನಾನು. ಸವೆದು ಹರಿದ ದಾರದ ತುದಿ ಇಲಿಬಾಲದ ಹಾಗೆ ಸಣ್ಣಗಾಗಿ ಜುಂಜು ಎದ್ದಿರುತ್ತದೆ. ಕತ್ತರಿಸಿದ ತುದಿ ಮೊಂಡಾಗಿರುತ್ತದೆ. ಇದರ ತುದಿ ಎಳೆದು ಎಳೆದು ಸುರುಳಿ ಸುತ್ತಿಕೊಂಡಿತ್ತು. ಜಗ್ಗಿ ಹರಿದ ದಾರ ಅದು. ಹಿಂಗತ್ತಿಗೆ ಬರುವ ನಾಲ್ಕು ಗುಂಡು ಬೆರಳಲ್ಲಿ ಹಿಸುಕಿದ ಹಾಗೆ ಚಪ್ಪಟೆಯಾಗಿ, ಒಳಗೆ ತುಂಬಿದ ಅರಗು ಸೀಳಿ ಹೊರಗೆ ಬಂದಿತ್ತು. ಮೇಲೆ ಅಂಟುವಾಳ ಹಾಕಿ ತಿಕ್ಕಿ ತೊಳೆದಿದ್ದರು, ಫಳಫಳ ಹೊಳೆಯುತ್ತಿದ್ದವು. ಆದರೆ ದಾರ ಎಳೆದಂತೆ ಗುಂಡಿನ ತೂತುಗಳಿಂದ ಕಪ್ಪು ಜಿಡ್ಡು ಬಂತು, ಬೆವರು, ಕೊಳೆ, ಯಾವುದೋ ಕಹಿ ಎಣ್ಣೆಯ ವಾಸನೆ. ಚಿಮಟದಿಂದ ಗಂಟನ್ನು ತುಸು ಸಡಿಲಿಸಿದೆ. ಅದರೊಳಗೆ ಎರಡು ಉದ್ದ ಕೂದಲು ಸಿಕ್ಕಿಕೊಂಡಿದ್ದವು. ಕರೀ ಕೂದಲು, ಬೇರು ಸಮೇತ ಕಿತ್ತು ಬಂದವು. ನೂರಾರು ಹೆಣ್ಣುಮಕ್ಕಳ ಸರದ ಜಿಡ್ಡು ತೆಗೆದ ಕೈ ಇದು, ಯಾವತ್ತೂ ಅಸಹ್ಯ ಪಟ್ಟಿರಲಿಲ್ಲ. ಅವತ್ತು ಎದ್ದು ಹೋಗಿ ಎರಡು ಸಲ ಕೈ ತೊಳೆದುಕೊಂಡೆ.

ದಾರ ನೈಲಾನಿನದು, ಆ ದಾರ ನಮ್ಮ ಕಡೆಯ ಬಜಾರಿಗೆ ಬಂದು ಐದಾರು ವರ್ಷವಾಗಿರಬೇಕು. ಇಪ್ಪತ್ತು ವರ್ಷ ಟ್ರಂಕಿನಲ್ಲಿದ್ದ ಸರಕ್ಕೆ ಅದು ಬಂದದ್ದು ಹೇಗೆ? ಗಂಟು ಮಾತ್ರ ನನಗೆ ಪರಿಚಯದ್ದು, ಮೂರು ಸುತ್ತು ಹಾಕಿ ತುದಿಯನ್ನು ಒಳಗೆ ನುಂಗಿಸುವ ಗಂಟು. ಬಸವಕಲ್ಯಾಣದ ನಬೀಸಾಬ್ ಬಿಟ್ಟರೆ ಹಾಗೆ ಯಾರೂ ಹಾಕುವುದಿಲ್ಲ. ಹುಡುಗರಿದ್ದಾಗ ನಾವಿಬ್ಬರೂ ಒಂದೇ ಗುರುವಿನ ಕೈಕೆಳಗೆ ಕೆಲಸ ಕಲಿತವರು. ಮಧ್ಯಾಹ್ನದ ಬಸ್ಸಿಗೆ ಕಲ್ಯಾಣಕ್ಕೆ ಹೋದೆ.

ನಬೀಸಾಬ್ ಸರವನ್ನು ಅಂಗೈಯಲ್ಲಿ ಹಾಕಿಕೊಂಡು ಹೊರಳಿಸಿ ನೋಡಿದ. "ನಂದೇ ಅದ ಅಣ್ಣಾ ಈ ಗಂಟು. ಲಾಕ್‌ಡೌನ್ ಇತ್ತಲ್ಲ, ಆವಾಗ ಘಾಟಬೋರಾಳದಿಂದ ಒಬ್ಬ ಹೆಣ್ಣುಮಗಳು ತಂದಿದ್ಲು. ಅಂಗಡಿ ಬಂದ್, ಮನೀಗೇ ಬಂದಿದ್ಲು. ನನ್ನ ಕೊರಳಾಗಿಂದು, ಮಗಳ ಕೊರಳಿಗೆ ಹಾಕಬೇಕು ಅಂದ್ಲು. ಆ ಬೀಜದ ಅಂಗಡಿಯವರ ಮಗನ ಜೋಡಿ ಮದುವಿ ಅಂದಿದ್ಲು." ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಅದೇ ಮನೀಗಿ ನೀವು ಪೂನಂನ ಕೊಡಾಕತ್ತೀರೇನು?" ಘಾಟಬೋರಾಳದಲ್ಲಿ ಆ ಹೆಣ್ಣುಮಗಳ ಮನೆ ಎಲ್ಲಿ ಎಂದು ಕೇಳಿಕೊಂಡು, ಸರ ಡಬ್ಬಿಗೆ ಹಾಕಿ ಎದ್ದೆ.

ಘಾಟಬೋರಾಳ ನಮ್ಮ ತಾಲೂಕಿನದೇ ಊರು. ಇಪ್ಪತ್ತು ಜನ ಸೇರಿ ಮಾಡಿದ ಮದುವೆ, ಆಗ ಪಾಸು ಇದ್ದವರಷ್ಟೇ ಊರು ದಾಟುತ್ತಿದ್ದರು, ಸುದ್ದಿ ಈ ಕಡೆ ಬರಲೇ ಇಲ್ಲ. ಮನೆಗೆ ಬಂದು ಎಲ್ಲವನ್ನೂ ಪೂನಂಳ ಮುಂದೆ ಇಟ್ಟೆ. ಅವಳಿಂದ ಮುಚ್ಚಿಡುವ ಮನಸ್ಸಾಗಲಿಲ್ಲ. ಅವಳು ಅಳಲಿಲ್ಲ. "ನಾನೂ ಬರ್ತೀನಿ, ಆಕೀನ್ನ ನೋಡಬೇಕು" ಎಂದಳು ಅಷ್ಟೆ.

ಹುಡುಗಿಯ ಹೆಸರು ಅಮೃತ. ನಾವು ಹೋದಾಗ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬಿಸಿಲಲ್ಲಿಯೂ ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ನಾವು ಯಾರೆಂದು ಹೇಳಿ, ಡಬ್ಬಿ ತೆಗೆದು ಮುಂದಿಟ್ಟೆ. ಅವಳ ತಾಯಿ ಗುಂಡುಗಳನ್ನು ಕಂಡ ಕೂಡಲೇ ಒಂದೊಂದಾಗಿ ಎಣಿಸತೊಡಗಿದರು. ಅಮೃತ ಮಾತ್ರ ಸೆರಗು ಸರಿಸಿ ಕೊರಳು ತೋರಿಸಿದಳು. ಕಿವಿಯ ಕೆಳಗಿನಿಂದ ಎದೆಯ ಎಲುಬಿನವರೆಗೆ ಬಿಳಿ ಮಚ್ಚೆ, ಹಿಂಗತ್ತಿನಲ್ಲಿ ಒಂದು ಗೆರೆಯಂಥ ಹಳೆಯ ಗಾಯ.

"ಮದುವಿ ಆಗಿ ಆರು ತಿಂಗಳಿಗೆ ಕಾಳಿನಷ್ಟು ಬಂತ್ರಿ. ಆಮ್ಯಾಲ ಬೆಳೀತು. ಅತ್ತಿ ಮೊದಲ ನನ್ನ ತಾಟು ಬ್ಯಾರೆ ಮಾಡಿದ್ರು. ಆಮ್ಯಾಲ ಹಾಸಿಗಿ. ಆಮ್ಯಾಲ ಅರಿವಿ ಒಣ ಹಾಕೋ ಹಗ್ಗ. ಒಂದಿನ ಮುಂಜಾನೆ ನನ್ನ ಬ್ಯಾಗು ಹೊರಗ ಇಟ್ರು. ನಾ ಹೊಂಟೆ. ಬಾಗಲದಾಗ ಬಂಗಾರ ಬಿಚ್ಚಿ ಹೋಗು ಅಂದ್ರು. ಇದು ನಮ್ಮವ್ವಂದು ಅಂದೆ. ಅತ್ತಿ ನನ್ನ ಎರಡೂ ಕೈ ಹಿಡದ್ರು. ನಮ್ಮ ಯಜಮಾನರು ಹಿಂದಿನಿಂದ ಜಗ್ಗಿದ್ರು. ಕೈಗಿ ಟವೆಲ್ ಸುತಗೊಂಡು ಜಗ್ಗಿದ್ರು, ನನ್ನ ಚರ್ಮ ತಾಕಬಾರದಂತ."

ಅವಳು ಇದನ್ನೆಲ್ಲ ತೊಗರಿಯಿಂದ ಕಲ್ಲು ಆರಿಸುತ್ತಲೇ ಹೇಳಿದಳು. ಮುಟ್ಟಲು ಹೇಸುವ ಕೊರಳಿನಿಂದ ಬಂಗಾರ ಕೀಳಲು ಅವರಿಗೆ ಹೇಸಿಗೆಯಿರಲಿಲ್ಲ. ಅದನ್ನೇ ತೊಳೆದು ತಂದು ನನ್ನ ಕೈಯಿಂದಲೇ ಪೋಣಿಸಿ ನನ್ನ ಮಗಳ ಕೊರಳಿಗೆ ಹಾಕುವವರಿದ್ದರು. ಕೋರ್ಟಿನಲ್ಲಿ ಏನೂ ಆಗಿಲ್ಲ, ಕಾಗದದ ಮೇಲೆ ಅಮೃತ ಇನ್ನೂ ಅವನ ಹೆಂಡತಿ.

ಇಷ್ಟು ಬರೆದ ಮೇಲೆ ನನ್ನದೂ ಒಂದು ಬರೆಯಬೇಕು. ಅಮೃತ ಒಳಗೆ ಹೋಗಿ ಚಹಾ ಮಾಡಿ ತಂದಳು. ಗೋಡೆಯ ಗೂಡಿನಲ್ಲಿ ಬಾವಂಚಿ ಎಣ್ಣೆಯ ಸೀಸೆ ಇತ್ತು, ಮಚ್ಚೆಗೆ ಹಚ್ಚುವುದಂತೆ. ಗುಂಡಿನೊಳಗೆ ಬಂದ ವಾಸನೆ ಅದರದೇ. ಅವಳ ಬೆರಳ ತುದಿಗೂ ಬಿಳುಪು ಇಳಿದಿತ್ತು. ಚಹಾದ ಕಪ್ಪು ತೆಗೆದುಕೊಳ್ಳಲು ಚಾಚಿದ ನನ್ನ ಕೈ ಒಂದು ಗಳಿಗೆ ನಿಂತಿತು. ಅದು ಅಂಟುವ ಬೇನೆ ಅಲ್ಲವೆಂದು ನನಗೆ ಗೊತ್ತು, ಆದರೂ ನಿಂತಿತು. ಅವಳು ಅದನ್ನು ನೋಡಿದಳು, ನೋಡಿ ರೂಢಿಯಾದವರಂತೆ ಕಪ್ಪನ್ನು ಕೆಳಗಿಟ್ಟು ಹಿಂದೆ ಸರಿದಳು. ಪೂನಂ ಮಾತ್ರ ಅವಳ ಕೈಯಿಂದಲೇ ಇಸಿದುಕೊಂಡು ಕುಡಿದಳು. ಸಂಗಮ್ಮನ ಮನೆಯವರನ್ನು ಎಷ್ಟು ಬಯ್ದರೂ ಆ ಒಂದು ಗಳಿಗೆ ನನ್ನನ್ನು ಬಿಟ್ಟು ಹೋಗುತ್ತಿಲ್ಲ.

ಸರ ಪೋಣಿಸಿ ತಂದುಕೊಡುತ್ತೇನೆ, ದಾರ ಅರಗು ಎಲ್ಲ ನನ್ನದೇ, ಜಜ್ಜಿದ ಗುಂಡನ್ನೂ ಸರಿ ಮಾಡುತ್ತೇನೆ ಎಂದೆ. ಅಮೃತ ಬೇಡವೆಂದಳು. "ಸರ ಮಾಡಬ್ಯಾಡ್ರಿ. ಬಿಡಿಯಾಗೇ ಇರ್ಲಿ. ಮಾರಿ ಎಮ್ಮಿ ತಗೋತೀನಿ. ಎಮ್ಮಿ ನನ್ನ ಚರ್ಮ ನೋಡಿ ಹೇಸೂದಿಲ್ಲ." ನಾನು ಡಬ್ಬಿಯನ್ನು ಅವಳ ಕೈಯಲ್ಲಿಯೇ ಇಟ್ಟೆ. ಈ ಸಲ ಕೈ ನಿಲ್ಲಲಿಲ್ಲ.

ಎರಡು ದಿನ ಬಿಟ್ಟು ಸಂಗಮ್ಮ ಮಗನನ್ನು ಕರೆದುಕೊಂಡು ಸರ ಒಯ್ಯಲು ಮನೆಗೆ ಬಂದರು. ಯಾರದಿತ್ತೋ ಅವರಿಗೆ ಮುಟ್ಟಿಸಿದ್ದೇನೆ, ಈ ಸಂಬಂಧ ನಮಗೆ ಬೇಡ ಎಂದೆ. ಆಗ ಆ ಹೆಂಗಸು ಹೇಳಿದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. "ಅದಕ್ಕ ಯಾಕ ಹೆದರ್ತೀರಿ? ಅಂಟುವಾಳ ಹಾಕಿ ಮೂರು ಸಲ ತೊಳದೇವ್ರಿ. ಅರಿಶಿಣದ ನೀರಾಗೂ ಅದ್ದಿ ತಗದೇವಿ. ಆಕೀದು ಏನೂ ಉಳದಿಲ್ಲ ಅದರಾಗ." ದೀಪಾಲಿ, ಮಚ್ಚೆಗೆ ಹೆದರಿ ನಾನು ಬೇಡವೆನ್ನುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಬೇರೆ ಕಾರಣ ಇರಬಹುದು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಅವರ ಎದುರು ಕುಳಿತುಕೊಳ್ಳುವುದೂ ನನ್ನಿಂದಾಗಲಿಲ್ಲ, ಎದ್ದು ನಿಂತೆ.

ಸಂಜೀವಕುಮಾರ ಪೊಲೀಸರ ಮಾತು ತೆಗೆದ, ನಮ್ಮ ಬಂಗಾರ ಕದ್ದಿದ್ದೀರಿ ಎಂದ. ಪೂನಂ ಒಳಗಿನಿಂದ ಚಪ್ಪಲಿ ಮೆಟ್ಟಿಕೊಂಡೇ ಬಂದಳು. "ನಡೀರಿ, ನಾನೂ ಬರ್ತೀನಿ ಠಾಣೆಗೆ. ನಿಮ್ಮ ಹೆಂಡ್ತಿ ಹೆಸರು ಏನಂತ ಅಲ್ಲೇ ಬರಸೋಣು" ಎಂದಳು. ಅವನು ತಾಯಿಯ ಮುಖ ನೋಡಿದ. ತಾಯಿ ಬೀದಿಯ ಕಡೆ ನೋಡಿದರು. ಇಬ್ಬರೂ ಎದ್ದು ಹೋದರು. ಅಂದೇ ಸಂಜೆ ನಿನ್ನ ಗಂಡ ಫೋನು ಮಾಡಿದ. "ಮಾವಾ, ಅದು ಹಳೇ ಮಾತು, ಆಕೀಗಿ ಬೇನೆ ಇತ್ತು, ಅದಕ್ಕ ಬಿಟ್ಟಾರ. ನೀವು ಸುಮ್ನ ದೊಡ್ಡದ ಮಾಡಾಕತ್ತೀರಿ" ಎಂದ. ಗೊತ್ತಿದ್ದೂ ಈ ಸಂಬಂಧ ತಂದೆಯಾ ಎಂದು ಕೇಳಿದೆ. ಲೈನು ಕಟ್ ಆಯಿತು. ಎರಡು ಹೊತ್ತು ಲಿಂಗ ಕೈಯಲ್ಲಿ ಹಿಡಿಯುವ ಜನ ಇವರು, ಇವರ ಜೊತೆ ಪಂಕ್ತಿಯಲ್ಲಿ ಕುಳಿತು ಎಷ್ಟು ಸಲ ಉಂಡಿದ್ದೇನೋ.

ನಿಮ್ಮವ್ವ ನಾಲ್ಕು ದಿನ ಅತ್ತಳು, ಈಗ ಓಣಿಯವರು ಕೇಳಿದರೆ ತಾನೇ ಮುಂದಾಗಿ ಹೇಳುತ್ತಾಳೆ. ಪೂನಂ ಚೆನ್ನಾಗಿದ್ದಾಳೆ, ಮುಂಜಾನೆ ನನ್ನ ಜೊತೆ ಅಂಗಡಿಗೆ ಬಂದು ಕೂಡುತ್ತಾಳೆ, ಹವಳ ಕರಿಮಣಿ ಪೋಣಿಸಲು ಅವಳ ಕೈ ನನ್ನದಕ್ಕಿಂತ ಚುರುಕು. ಹೋದ ಸೋಮವಾರ ಘಾಟಬೋರಾಳಕ್ಕೆ ಒಬ್ಬಳೇ ಹೋಗಿ ಬಂದಳು. ಕೋರ್ಟಿನ ಕೆಲಸಕ್ಕೆ ವಕೀಲರನ್ನು ನೋಡಲು ಅವಳೂ ಅಮೃತಳೂ ಮಾತಾಡಿಕೊಂಡಿದ್ದಾರಂತೆ. ನಾನು ನಡುವೆ ಬಾಯಿ ಹಾಕಿಲ್ಲ.

ಮೈ ಕಡೆ ಲಕ್ಷ್ಯ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ಕೂಸಿಗೆ ಅಜ್ಜನ ಮುತ್ತು. ಬಸವಣ್ಣ ನಿನ್ನನ್ನು ಒಳ್ಳೆಯ ದಾರಿಯಲ್ಲಿ ನಡೆಸಲಿ.

ನಿನ್ನ ಅಪ್ಪ
ಮಹಾರುದ್ರಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದು ಇದನ್ನು ಸೇರಿಸುತ್ತಿದ್ದೇನೆ. ಘಾಟಬೋರಾಳದಿಂದ ಹೊರಡುವಾಗ ಅಮೃತಳ ತಾಯಿ ಮದುವೆಯ ಫೋಟೋ ತಂದು ತೋರಿಸಿದರು. ಅದರಲ್ಲಿ ಅಮೃತಳ ಬಲಕ್ಕೆ ನೀನಿದ್ದೀ, ಮಾಸ್ಕನ್ನು ಗದ್ದಕ್ಕೆ ಇಳಿಸಿ ನಗುತ್ತಿದ್ದೀ, ನಿನ್ನ ಕೈ ಅವಳ ಹೆಗಲ ಮೇಲಿದೆ. ನೀನು ನನ್ನ ಮಗಳೆಂದು ಅವರಿಗೆ ಗೊತ್ತಿಲ್ಲ. "ಈಕಿ ಸೊಲ್ಲಾಪುರದಾಕಿ, ಅವತ್ತು ನನ್ನ ಮಗಳಿಗೆ ಉಣಿಸಿ ತಿನಿಸಿ ಭಾಳ ಮಾಡಿದ್ಲು" ಎಂದರು. ಪೂನಂಳೂ ನೋಡಿದಳು. ಫೋಟೋ ತಿರುಗಿ ಕೊಟ್ಟಳು. ಇಂದಿಗೂ ಆ ಮಾತು ತೆಗೆದಿಲ್ಲ. ನಿಮ್ಮವ್ವನಿಗೆ ನಾವಿಬ್ಬರೂ ಹೇಳಿಲ್ಲ. ನಿನ್ನನ್ನು ಯಾರಾದರೂ ಹೆದರಿಸಿ ಬಾಯಿ ಮುಚ್ಚಿಸಿದ್ದರೆ ಕೂಸನ್ನು ಎತ್ತಿಕೊಂಡು ಹಾಗೇ ಬಂದುಬಿಡು, ನಿನ್ನ ಮನೆ ಇದು. ಯಾರೂ ಹೆದರಿಸಿಲ್ಲವಾದರೂ ಬಾ. ಫೋನು ಮಾಡಬೇಡ, ನಾನು ಎತ್ತುವುದಿಲ್ಲ. ಬಂದು ನನ್ನ ಮುಂದೆ ಅಲ್ಲ, ಪೂನಂಳ ಮುಂದೆ ಕುಳಿತು ಹೇಳು.