ನಿಮ್ಮ ಪಂಕ್ತಿಯಲ್ಲಿ ಉಂಡ ನಮ್ಮ ಮನೆಯವರು

ಕ್ಷಯರೋಗ ಆಸ್ಪತ್ರೆಯ ಮಾನ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನಮ್ಮ ಮನೆಯವರನ್ನು ಹದಿನಾಲ್ಕು ತಿಂಗಳು ಇಟ್ಟುಕೊಂಡು ಬದುಕಿಸಿ ಕಳಿಸಿದಿರಿ, ಆ ಉಪಕಾರ ಮರೆತವಳಲ್ಲ. ಆದರೆ ಅವರು ಬನಹಟ್ಟಿಗೆ ಮರಳಿ ಮೂರು ವರ್ಷವಾದರೂ ಇನ್ನೂ ಪೂರ್ತಿ ಮನೆಗೆ ಬಂದಿಲ್ಲ.

ವರ್ಷಕ್ಕೊಮ್ಮೆ ನಿಮ್ಮ ಕಾರ್ಡು ಬರುತ್ತದೆ: 'ಗುಣಮುಖರಾದವರ ಸ್ನೇಹಕೂಟ. ತಾವೊಬ್ಬರೇ ಬರತಕ್ಕದ್ದು.' ಒಬ್ಬರೇ! ಅಷ್ಟು ತಿಂಗಳು ಮಗಳನ್ನೂ ಮನೆಯನ್ನೂ ಸಂಭಾಳಿಸಿ, ಪ್ರತಿ ಅಮಾವಾಸ್ಯೆಗೆ ಬಸ್ಸು ಹತ್ತಿ ಬಂದು, ನಿಮ್ಮ ಗೇಟಿನ ಹೊರಗೆ ರೊಟ್ಟಿಯ ಬುತ್ತಿ ಹಿಡಿದು ನಿಂತವಳಿಗೆ ಗುಣವಾಗಬೇಕಾದ್ದು ಏನೂ ಇಲ್ಲವೆಂದು ತಮಗೆ ಯಾರು ಹೇಳಿದರು? ಆ ದಿನ ಅವರು ನುಣ್ಣಗೆ ಗಡ್ಡ ಬೋಳಿಸಿ, ಒಗೆದ ಧೋತರ ಉಟ್ಟು ಹೊರಡುತ್ತಾರೆ. ನನ್ನ ತವರಿನ ಮದುವೆಗೂ ಅಷ್ಟು ಉಮೇದಿ ಕಂಡಿಲ್ಲ.

ಈ ಸಲ ಫೋಟೋ ತಂದರು. ಅದರಲ್ಲಿ ಇವರೂ ವಾರ್ಡಿನ ಗೆಳೆಯನಾದ ಮುಧೋಳದ ಕರೆಪ್ಪನೂ ಒಂದೇ ಗಂಗಾಳದಲ್ಲಿ ಕೈಯಿಟ್ಟು ನಗುತ್ತ ಉಣ್ಣುತ್ತಿದ್ದಾರೆ. ನಮ್ಮ ಮನೆಯಲ್ಲಿ ಇವರ ಗಂಗಾಳ ಬೇರೆ, ತಂಬಿಗೆ ಬೇರೆ. ಕಂಬಕ್ಕೊರಗಿ ಒಬ್ಬರೇ ಉಣ್ಣುತ್ತಾರೆ. ಮಗಳು ಕಸ್ತೂರಿ ಹತ್ತಿರ ಹೋದರೆ "ದೂರ ಕೂಡವ್ವಾ" ಎನ್ನುತ್ತಾರೆ. ಮದುವೆಯಲ್ಲಿ ಭೂಮದ ಊಟಕ್ಕೆ ನನ್ನ ಜೊತೆ ಒಂದೇ ಗಂಗಾಳದಲ್ಲಿ ಉಂಡವರು ಇವರೇ ಹೌದೋ? ನನಗೆ ಹೊಟ್ಟೆ ಉರಿಯಿತು, ಕೇಳಿಯೇ ಬಿಟ್ಟೆ.

"ಆ ಕರೆಪ್ಪನ ಕೂಡ ಉಣ್ಣಾಕ ಬರತೈತಿ, ನನ್ನ ಕೂಡ ಬರೂದಿಲ್ಲೇನ್ರಿ?"

"ಬ್ಯಾನಿ ಹೋಗೈತಿ, ಕೂಡಿ ಉಣ್ರಿ ಅಂತ ಡಾಕ್ಟರು ಅಲ್ಲೆ ಎಲ್ಲಾರ ಮುಂದ ಹೇಳ್ಯಾರ. ಇಲ್ಲೆ ಗಂಗಾಳ ಬ್ಯಾರೆ ಇಟ್ಟಾಕಿ ನೀನ ಅಲ್ಲೇನ?"

ಖರೆ, ಇಟ್ಟವಳು ನಾನೇ. ಭರ್ತಿ ಮಾಡಿಕೊಂಡ ದಿನ 'ರೋಗಿಯ ಪಾತ್ರೆ ಬೇರೆ ಇಡಿ' ಎಂಬ ಚೀಟಿ ನನ್ನ ಕೈಗಿತ್ತವರು ತಾವು. ಶಾಲೆಯಲ್ಲಿ ಅಕ್ಷರ ಕಲಿಸುವವಳು ನಾನು, ಬರೆದದ್ದನ್ನು ಪಾಲಿಸುವ ರೂಢಿ, ಗೋಡೆಗೆ ಅಂಟಿಸಿದೆ. 'ಇನ್ನು ಸಾಕು' ಎಂಬ ಚೀಟಿ ಯಾರಿಗೆ ಕೊಟ್ಟಿರಿ?

ಅಂದೇ ಒಂದೇ ಗಂಗಾಳದಲ್ಲಿ ಬಡಿಸಿ ಎದುರು ಕುಳಿತೆ. ಆದರೆ ತುತ್ತಿಗೆ ನನ್ನ ಕೈ ಮುಂದೆ ಹೋಗಲು ತುಸು ತಡವಾಯಿತು. ಅವರು ನೋಡಿದರು. "ಇರಲಿ ಬಿಡ" ಎಂದು ಕಂಬದ ಕಡೆ ಎದ್ದು ಹೋದರು. ಕರೆಪ್ಪನ ಕೈ ತಡೆಯಲಿಲ್ಲ, ನನ್ನದು ತಡೆಯಿತು. ನನ್ನ ಹೊಟ್ಟೆಕಿಚ್ಚೆಲ್ಲ ಇಷ್ಟೇ.

ಆದ್ದರಿಂದ ಮುಂದಿನ ಕಾರ್ಡಿನಲ್ಲಿ ನನ್ನ ಹೆಸರೂ ಕಸ್ತೂರಿಯ ಹೆಸರೂ ಇರಲಿ. ಅವರಿಗೆ ಹೇಳಿದ ಮಾತನ್ನು ನಮ್ಮ ಮುಂದೆಯೂ ಹೇಳಿ, ನಮ್ಮನ್ನು ಅದೇ ಪಂಕ್ತಿಯಲ್ಲಿ ಕೂಡಿಸಿ. ಗಂಗಾಳ ನಾನೇ ತರುತ್ತೇನೆ.

ಇಂತಿ,
ತಮ್ಮ ಕಾರ್ಡಿನಲ್ಲಿ ಇನ್ನೂ ಜಾಗ ಸಿಗದ
ಮುತ್ತವ್ವ, ಬನಹಟ್ಟಿ