ಹದಿನೇಳನೇ ಕೋಣೆಯ ದಾಳ

ಮಾರ್ಚ್ 3, ಮಧ್ಯಾಹ್ನ

ಅಣ್ಣನ ಆಟದ ಹನ್ನೆರಡನೇ ಕೋಣೆ ಬರೆದು ಮುಗಿಯಿತು. ಅಣ್ಣನ ಅಕ್ಷರವೋ, ಕೋಳಿ ಕೆದರಿದ ಹಾಗೆ. ರಾಕ್ಷಸನ ಬಲ ಮೂರೋ ಎಂಟೋ ಗೊತ್ತಾಗುವುದಿಲ್ಲ. ಫೋನ್ ಮಾಡಿ ಕೇಳಿದರೆ, "ನಿಂಗೆ ಹೆಂಗನ್ಸುತ್ತೋ ಹಂಗೆ ಹಾಕು." ಎಲ್ಲದಕ್ಕೂ ಅದೇ ಉತ್ತರ!

ನಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಊಟದ ಹೊತ್ತಿಗೆ ಬರೆಯುತ್ತಿದ್ದೆ. ಹಲ್ಲಿನ ಡಾಕ್ಟರು ಬಗ್ಗಿ ನೋಡಿದರು. "ಏನಮ್ಮಾ, ಹಾವು ಏಣಿ ಆಟಾನಾ?" ಹಾವು ಏಣಿಯಂತೆ! ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳು, ಬದುಕುವುದು ಸಾಯುವುದು ಇಪ್ಪತ್ತು ಮುಖದ ದಾಳದ ಕೈಯಲ್ಲಿ ಎಂದೆ. "ಓಹೋ" ಎಂದು ಕೈ ತೊಳೆಯಲು ಹೋದರು.

ಅಣ್ಣ ಕಟ್ಟಿದ ಆಟ. ಹತ್ತೊಂಬತ್ತು ವರ್ಷದ ಹಿಂದೆ ಜೆರಾಕ್ಸ್ ಮಾಡಿಸಿ ಹಂಚಿದ್ದ. ಈಗ ಪ್ರಕಾಶಕರಿಗೆ ಅದೇ ಬೇಕು, ಹೊಸ ನಿಯಮಕ್ಕೆ ಹೊಂದಿಸಿ, ಇಪ್ಪತ್ತನೇ ತಾರೀಕಿನೊಳಗೆ. ದುಡಿಮೆ ನನ್ನದು, ಹೆಸರು ಅವನದು.

ಮಾರ್ಚ್ 5

ಹದಿನೇಳನ್ನು ಬಿಟ್ಟು ಹದಿನೆಂಟಕ್ಕೆ ಹಾರಿದೆ. ಹದಿನೇಳರಲ್ಲಿ ಕಿಡಿ ಸತ್ತಳು. ನನ್ನ ಪಾತ್ರ... ಎರಡು ವರ್ಷ ಅವಳಾಗಿ ಆಡಿದ್ದೆ. ಬೀಗ ಮುರಿಯುವವಳು, ಬಾಯಿಬಡುಕಿ, ಯಾರಪ್ಪನಿಗೂ ಹೆದರದವಳು. ನಾನು ಹಾಗಿರಲಿಲ್ಲ.

ಆಟದಲ್ಲಿ ಆ ಕೋಣೆಯ ಚಾವಣಿ ಕುಸಿಯಿತು. ಕಥೆ ಹೇಳುತ್ತಿದ್ದ ಅಣ್ಣ ರಟ್ಟಿನ ಮರೆಯಲ್ಲಿ ದಾಳ ಉರುಳಿಸಿ "ನಾಲ್ಕು" ಎಂದ. ಉಳಿಯಲು ಹನ್ನೊಂದು ಬೇಕಿತ್ತು. ಅಂದಿನಿಂದ ಆಟ ಮುಟ್ಟಲಿಲ್ಲ. ನನ್ನ ಹಣೆಬರಹವೇ ಇಷ್ಟು ಎಂದುಕೊಂಡೆ, ಆಮೇಲೆ ಎಲ್ಲದರಲ್ಲೂ.

ಮಾರ್ಚ್ 9

ಹೊಸ ನಿಯಮದಲ್ಲಿ ಮರೆಯ ದಾಳವಿಲ್ಲ. ಆಟಗಾರರೇ ಎಲ್ಲರೆದುರು ಉರುಳಿಸಬೇಕು. ಹದಿನೇಳರ ಸಂಖ್ಯೆ ಬದಲಿಸಲೇಬೇಕು. ಹಿಂದೆ ಎಷ್ಟು ಜನ ಉಳಿದಿದ್ದರು ನೋಡೋಣವೆಂದು ಅಣ್ಣನ ಹಳೆಯ ನೋಟ್‌ಬುಕ್ ತೆಗೆದೆ. ಬಿದ್ದ ದಾಳವನ್ನೆಲ್ಲ ಬರೆದಿಟ್ಟಿದ್ದಾನೆ, ಮಹಾ ಶಿಸ್ತು.

"ಕೋಣೆ 17. ತಂಗಿ — 14."

ಹದಿನಾಲ್ಕು. ಬದುಕಿದ್ದಳು!

ಅದೇ ದಿನ, ಸಂಜೆ ಆರು

ಫೋನ್ ಮಾಡಿದೆ. ಹದಿನಾಲ್ಕು ಬಿದ್ದಿತ್ತಲ್ಲೋ ಎಂದೆ. ಅಣ್ಣ, "ಅಮ್ಮ ಹೇಳಿದ್ಲು ಕಣೇ. ನಿನ್ ಪರೀಕ್ಷೆಗೆ ಹತ್ತೇ ದಿನ ಇತ್ತು. ನಿಲ್ಸೋಣ ಅಂದ್ರೆ ನೀನು ಬಿಡ್ತಿದ್ಯಾ? ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತ..."

"ಕಿಡಿ ಸತ್ಲಲ್ಲೋ!"

"ಅದು ಆಟ ಕಣೇ."

ಆಟವಾಗಿದ್ದರೆ ಸುಳ್ಳೇಕೆ ಹೇಳಿದ? ಮೈಯೆಲ್ಲ ಉರಿಯುತ್ತಿದೆ. ಆ ಪರೀಕ್ಷೆಯಾದರೂ ದಕ್ಕಿತೇ? ಹತ್ತು ದಿನ ಅತ್ತು ಅತ್ತು ಫೇಲಾದೆ.

ಮಾರ್ಚ್ 10

ಅಮ್ಮ ಬಟ್ಟೆ ಮಡಚುತ್ತಿದ್ದಳು. ಕೇಳಿಯೇಬಿಟ್ಟೆ.

"ಹೂಂ, ನಾನೇ ಹೇಳ್ದೆ. ಆಟ ನಿಲ್ಸು ಅಂದೆ. ಆ ಹುಡುಗೀನ ಕೊಲ್ಲು ಅಂದೆನಾ?" ದಿಂಬಿನ ಚೀಲ ಕೆಳಗಿಟ್ಟಳು. "ಅದಕ್ಕೇನೇ ನೀನು ಅಷ್ಟು ಅತ್ತಿದ್ದು? ಓದಕ್ಕೆ ಹೆದ್ರಿ ಅಳ್ತಿದೀಯ ಅಂದ್ಕೊಂಡಿದ್ದೆ."

ಯಾರ ಮೇಲೆ ಕೂಗಾಡಲಿ? ಇಬ್ಬರ ಮೇಲೂ ಕೂಗಾಡಿದೆ, ಅಣ್ಣನ ಮೇಲೆ ಫೋನಿನಲ್ಲಿ.

ಮಾರ್ಚ್ 18

ಪ್ರಕಾಶಕರ ಫೋನ್. "ಮೇಡಂ, ಹದಿನೇಳು ಮಾತ್ರ ಬರ್ಲಿಲ್ಲವಲ್ಲ." ಕೊಡುವುದಿಲ್ಲ ಎಂದೆ. ಹದಿನಾರರಿಂದ ನೇರ ಹದಿನೆಂಟು. "ಅದಿಲ್ದೆ ಕಥೆ ನಿಲ್ಲಲ್ಲ ಮೇಡಂ." ನಿಲ್ಲದಿದ್ದರೆ ಮಲಗಲಿ. ಅಣ್ಣನಿಗೂ ಹೇಳಿರುತ್ತಾರೆ. ಹೇಳಲಿ.

ಮಾರ್ಚ್ 19, ಭಾನುವಾರ, ಬೆಳಿಗ್ಗೆ ಹನ್ನೊಂದು

ಅಣ್ಣ ಬಂದ. ಕ್ಷಮೆ ಕೇಳಲು ಬಂದನೇನೋ ಎಂದುಕೊಂಡೆ. ಕೇಳಲಿಲ್ಲ. ಮೇಜಿನ ಮೇಲೆ ದಾಳ ಇಟ್ಟ. "ಹದಿನೇಳು ಆಡು. ಹೊಸ ರೂಲ್ಸು. ನೀನೇ ಹಾಕು, ನಾನು ಮುಟ್ಟಲ್ಲ."

ಬಾಗಿಲು ತೋರಿಸಬೇಕಿತ್ತು. ಕೂತೆ. ದಾಳ ಕೈಗೆತ್ತಿಕೊಂಡೆ. ಹೊಸ ಲೆಕ್ಕದಲ್ಲಿ ಒಂಬತ್ತು ಬಿದ್ದರೆ ಸಾಕು.

ಬಿದ್ದದ್ದು ಮೂರು.

ಅಣ್ಣನ ಮುಖ ಬಿಳಿಚಿಹೋಯಿತು. "ಇನ್ನೊಂದ್ಸಲ ಹಾಕೇ. ಅಂಚಿಗೆ ತಾಗ್ತು, ಲೆಕ್ಕಕ್ಕಿಲ್ಲ."

ತಾಗಿರಲಿಲ್ಲ. ಮತ್ತೆ ಸುಳ್ಳು! ಅಂದು ಕೊಲ್ಲಲು, ಇಂದು ಉಳಿಸಲು. ದಾಳಕ್ಕೆ ಚಾಚಿದ ಅವನ ಕೈಗೆ ಫಟ್ಟೆಂದು ಹೊಡೆದೆ. "ಬಿದ್ದಿದ್ದು ಬಿದ್ದಿದ್ದೇ. ನನ್ ಹುಡುಗಿ ಅವಳು. ನೀನು ಮುಟ್ಬೇಡ."

ಸತ್ತಳು. ಈ ಸಲ ನನ್ನ ಕೈಯಲ್ಲೇ. ಅಳು ಬರಲಿಲ್ಲ, ಸಿಟ್ಟೂ ಇಳಿದಿಲ್ಲ. ಅಣ್ಣ ಒಳಗೆ ಅಮ್ಮನ ಹತ್ತಿರ ಕೂತಿದ್ದಾನೆ. ಹದಿನೇಳನೇ ಕೋಣೆ ಬರೆಯಲು ಹೊರಟಿದ್ದೇನೆ. ಮೊದಲ ಸಾಲು ಇದು: ಈ ಕೋಣೆಯಲ್ಲಿ ದಾಳವನ್ನು ಆಟಗಾರರಲ್ಲದೆ ಬೇರೆ ಯಾರೂ, ಯಾವ ಕಾರಣಕ್ಕೂ, ಎಷ್ಟೇ ಪ್ರೀತಿಯಿಂದಲೂ—